ಕಡೆಯಲ್ಲಿ ಬಂದವನ ಕಾಯಕ

ಓಟವೆಂದೊಡನೆ ಲೋಕದ ಜನರು ಕೇಳುವ ಮೊದಲನೆಯ ಪ್ರಶ್ನೆ ‘ಗೆದ್ದವರಾರು?’ ಎಂಬುದು. ಎರಡನೆಯವನ ಹೆಸರನ್ನು ಕೇಳುವವರು ಕೆಲವರು. ಹತ್ತನೆಯವನನ್ನು ಕೇಳುವವರು ವಿರಳ. ಕಡೆಯವನನ್ನಂತೂ ಕೇಳುವವರೇ ಇಲ್ಲ. ಗೆಲುವೇ ಓಟದ ಫಲವೆಂದು ಎಣಿಸಿದ ಮೇಲೆ ಈ ರೂಢಿಯು ಸಹಜವೇ ಸರಿ. ಆದರೆ ತಾನು ಗೆಲ್ಲಲಾರೆನೆಂಬುದನ್ನು ಮೊದಲೇ ಬಲ್ಲವನೊಬ್ಬನು ಓಡಲು ನಿಂತರೆ ಅವನ ಓಟಕ್ಕೆ ಫಲವುಂಟೇ? ಉಂಟಾದರೆ ಅದು ಯಾವುದು? ಅದನ್ನು ಅಳೆಯುವ ಅಳತೆಗೋಲಾವುದು? ಮೇಲ್ನೋಟಕ್ಕೆ ಇದು ಆಟದ ಬಯಲಿಗೆ ಸೇರಿದ ಸಣ್ಣ ಮಾತಾಗಿ ತೋರಬಹುದು. ಒಳಹೊಕ್ಕು ನೋಡಿದರೆ, ಹೊಗಳಿಕೆಯನ್ನು ಬಯಸದೆ ಮಾಡುವ ದುಡಿಮೆಯ ಹುರುಳೇನೆಂಬ ದೊಡ್ಡ ಪ್ರಶ್ನೆಯೇ ಇದರಲ್ಲಿ ಅಡಗಿದೆ. ಆದುದರಿಂದ ಸಂಸಾರದಲ್ಲಿದ್ದುಕೊಂಡೇ ಸನ್ಮಾರ್ಗದಲ್ಲಿ ನಡೆಯಲೆಳಸುವ ಗೃಹಸ್ಥರು ಇದನ್ನು ಪರ್ಯಾಲೋಚಿಸುವುದು ವ್ಯರ್ಥವಾಗದು.

ಈಚಿನ ದಶಕಗಳಲ್ಲಿ ಬಳಕೆಗೆ ಬಂದ ಸ್ಪರ್ಧೆಗಳಲ್ಲಿ ಡ್ಯುಯಥ್ಲಾನ್ ಎಂಬುದು ಒಂದು. ಮೊದಲು ಓಟ, ಬಳಿಕ ಸೈಕಲ್ ಸವಾರಿ, ಮರಳಿ ಓಟ. ಈ ಮೂರನ್ನೂ ನಡುವೆ ಗಡಿಯಾರವನ್ನು ನಿಲ್ಲಿಸದೆ ಒಂದೇ ಸರಣಿಯಲ್ಲಿ ಮುಗಿಸತಕ್ಕದ್ದೆಂಬುದು ಇದರ ಕಟ್ಟಳೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಬಯಥ್ಲಾನ್ ಎಂದು ಕರೆಯುತ್ತಿದ್ದರು. ಹಿಮದ ಮೇಲೆ ಜಾರುತ್ತ ಬಂದೂಕಿನಿಂದ ಗುರಿಯಿಡುವ ಬೇರೊಂದು ಕ್ರೀಡೆಗೂ ಅದೇ ಹೆಸರು ಇದ್ದುದರಿಂದ ಗೊಂದಲವಾಗಬಾರದೆಂದು ಈಗಿನ ಹೆಸರು ಬಂದಿತು. 1990ರಲ್ಲಿ ಕ್ಯಾಲಿಫೋರ್ನಿಯದ ಪಾಮ್ ಸ್ಪ್ರಿಂಗ್ಸ್ ಎಂಬಲ್ಲಿ ಇದರ ಮೊದಲನೆಯ ವಿಶ್ವ ಸ್ಪರ್ಧೆಯು ನಡೆಯಿತು. ರೂಢಿಯಲ್ಲಿರುವ ಪೂರ್ಣ ದೂರವೆಂದರೆ 10 ಕಿಲೋಮೀಟರು ಓಟ, 40 ಕಿಲೋಮೀಟರು ಸೈಕಲ್, 5 ಕಿಲೋಮೀಟರು ಓಟ. ಹೊಸಬರಿಗೂ ಬಿಡುವು ಕಡಿಮೆಯಿರುವವರಿಗೂ ಇದರ ಅರ್ಧದಷ್ಟರ, ಅರ್ಥಾತ್ 5, 20 ಮತ್ತು 2.5 ಕಿಲೋಮೀಟರುಗಳ, ಚಿಕ್ಕ ಸ್ಪರ್ಧೆಯೂ ಉಂಟು. ಹಣಕ್ಕಾಗಲಿ ಪದವಿಗಾಗಲಿ ಅಲ್ಲದೆ ಹವ್ಯಾಸಕ್ಕೆಂದು ಬರುವವರೇ ಇಂತಹ ಕೂಟಗಳಲ್ಲಿ ಬಹುಸಂಖ್ಯೆಯವರು.

ಶಿವಮೊಗ್ಗೆಯ ಗೋಪಾಳದಲ್ಲಿ ವಾಸಿಸುವ ಗೃಹಸ್ಥನೊಬ್ಬನನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಬಹುದು. ವಯಸ್ಸು ನಲವತ್ತೈದನ್ನು ದಾಟಿದೆ. ಕುರ್ಚಿಯ ಮೇಲೆ ಕುಳಿತು ಮಾಡುವ ಉದ್ಯೋಗ. ಹೊಟ್ಟೆ ತುಸು ಮುಂದೆ ಬಂದಿದೆ. ಓದುವ ಮಕ್ಕಳು, ವೃದ್ಧರಾದ ತಾಯಿ, ಮನೆಯ ಭಾರದಲ್ಲಿ ಸಮಪಾಲು ಹೊತ್ತ ಪತ್ನಿ. ಇಂತಹವನು ವೈದ್ಯರ ಎಚ್ಚರಿಕೆಯಿಂದ ಬೆಳಗಿನ ನಡಿಗೆಯನ್ನು ಆರಂಭಿಸಿದನು, ನಡಿಗೆಯು ಓಟವಾಯಿತು, ಮೂಲೆಯಲ್ಲಿ ಧೂಳು ಹಿಡಿದಿದ್ದ ಸೈಕಲ್ಲು ಮತ್ತೆ ಬೀದಿಗೆ ಬಂದಿತು. ಕತ್ತಲಿರುವಾಗಲೇ ಎದ್ದು, ಪೂಜೆಯನ್ನು ಮುಗಿಸಿಕೊಂಡು, ಒಂದು ದಿನ ಗೋಪಾಳದ ಬೀದಿಗಳಲ್ಲಿ ಓಡುವುದು, ಮತ್ತೊಂದು ದಿನ ತೀರ್ಥಹಳ್ಳಿಯ ರಸ್ತೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟಿನವರೆಗೆ ಸೈಕಲ್ ತುಳಿದು ಮರಳುವುದು ಅವನ ಪರಿಪಾಠವಾಯಿತು. ಮಲೆನಾಡಿನ ಮಳೆಗಾಲದಲ್ಲಿ ನೆನೆದ ಬಟ್ಟೆಯೇ ಅವನ ಸಂಗಾತಿ.

ಈ ಸೀಮೆಗೆ ಸೈಕಲ್ಲು ಹೊಸತಲ್ಲ. 1923ರಿಂದ ಕಬ್ಬಿಣವನ್ನು ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯು ಹಲವು ತಲೆಮಾರುಗಳ ಮನೆಗಳಿಗೆ ಅನ್ನವನ್ನು ಕೊಟ್ಟಿತು. ಅಲ್ಲಿ ಪಾಳಿಯ ಹೊತ್ತಿಗೆ ಸೈಕಲ್ ತುಳಿದವನನ್ನು ‘ನೀನು ಎಷ್ಟನೆಯವನು?’ ಎಂದು ಯಾರೂ ಕೇಳುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಬಂದನೇ, ಕೆಲಸವನ್ನು ನೆಟ್ಟಗೆ ಮಾಡಿದನೇ ಎಂಬುದಷ್ಟೇ ಅಲ್ಲಿನ ಅಳತೆ. ಗಾಲಿಯು ಆಟಕ್ಕೆ ತಿರುಗಿದೊಡನೆ ಮಾತ್ರ ಎಷ್ಟನೆಯವನೆಂಬ ಲೆಕ್ಕವು ಮುಂದೆ ಬಂದು ನಿಲ್ಲುತ್ತದೆ.

ಈ ಗೃಹಸ್ಥನು ಹೊರ ಊರಿನಲ್ಲಿ ನಡೆಯುವ ಚಿಕ್ಕ ದೂರದ ಸ್ಪರ್ಧೆಯೊಂದಕ್ಕೆ ಹೆಸರನ್ನು ಕೊಟ್ಟನೆಂದಿರಲಿ. ಮುಂಜಾವಿನಲ್ಲಿ ಎದೆಗೆ ಅಂಕೆಯ ಚೀಟಿಯನ್ನು ಸಿಕ್ಕಿಸಿಕೊಂಡು ಗುಂಪಿನಲ್ಲಿ ನಿಂತಾಗ ಎಲ್ಲರೂ ಸಮಾನರು. ಸೀಟಿ ಊದಿದ ಅರೆನಿಮಿಷದಲ್ಲಿ ಆ ಸಮಾನತೆಯು ಕರಗಿಹೋಗುತ್ತದೆ. ತರುಣರು ಜಿಂಕೆಗಳಂತೆ ಮುಂದೆ ಹಾರುತ್ತಾರೆ. ಅವರ ಹಿಂದೆಯೇ ಓಡಬೇಕೆಂಬ ಸೆಳೆತವು ಇವನ ಕಾಲುಗಳಲ್ಲಿ ಹುಟ್ಟುತ್ತದೆ. ಇದೇ ಮೊದಲನೆಯ ಪರೀಕ್ಷೆ. ಪರರ ವೇಗವನ್ನು ತನ್ನದೆಂದು ಭ್ರಮಿಸಿ ಒಂದು ಕಿಲೋಮೀಟರು ಓಡಿದವನು ಉಳಿದ ದೂರದಲ್ಲಿ ಅದರ ಸಾಲವನ್ನು ಬಡ್ಡಿಸಹಿತ ತೀರಿಸಬೇಕಾಗುತ್ತದೆ. ಏಕೆಂದರೆ ಶಕ್ತಿಗೆ ಮೀರಿದ ವೇಗದಲ್ಲಿ ಸ್ನಾಯುಗಳಲ್ಲಿನ ಸಂಗ್ರಹವು ಬೇಗ ತೀರಿ, ಉಸಿರು ಕಟ್ಟಿ, ಕಾಲುಗಳು ಬಿಗಿದುಕೊಳ್ಳುತ್ತವೆ. ತನ್ನ ಅಳವನ್ನು ಅರಿತು ಹಿಂದೆ ಉಳಿಯುವುದಕ್ಕೂ ಧೈರ್ಯ ಬೇಕು.

ಐದು ಕಿಲೋಮೀಟರು ಮುಗಿಯುವ ವೇಳೆಗೆ ನಲವತ್ತು ನಿಮಿಷಗಳು ಕಳೆದಿವೆ. ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ ಸ್ಥಳಕ್ಕೆ ಬಂದು ನೋಡಿದರೆ ಸಾಲು ಬರಿದಾಗಿದೆ. ಇವನದೂ ಇನ್ನೊಂದೆರಡೂ ಉಳಿದಿವೆ. ತಲೆಗೆ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದ ಮೇಲೆಯೇ ಸೈಕಲ್ಲನ್ನು ಮುಟ್ಟಬೇಕು. ಗೆರೆಯನ್ನು ದಾಟುವವರೆಗೆ ತಳ್ಳಿಕೊಂಡೇ ಹೋಗಬೇಕು. ಇಂತಹ ಕಟ್ಟಳೆಗಳು ಮೊದಲಿನವನಿಗೂ ಕಡೆಯವನಿಗೂ ಒಂದೇ. ರಸ್ತೆಗೆ ಇಳಿದರೆ ಎದುರುಗಾಳಿ. ವೇಗವು ಎರಡು ಪಟ್ಟಾದರೆ ಗಾಳಿಯ ತಡೆಯು ನಾಲ್ಕು ಪಟ್ಟಾಗುವುದೆಂಬುದು ಶಾಸ್ತ್ರಸಿದ್ಧವಾದ ಮಾತು. ಹೀಗಿರುವಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಅವನ ಮರೆಯಲ್ಲಿ ಸಾಗಿದರೆ ಶ್ರಮವು ಬಹಳ ಕಡಿಮೆಯಾಗುತ್ತದೆ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಅದು ನಿಷಿದ್ಧ. ಆದರೆ ನಮ್ಮ ಗೃಹಸ್ಥನಿಗೆ ಆ ಪ್ರಲೋಭನವೇ ಇಲ್ಲ. ಅವನ ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಮರಳಿ ಬರುತ್ತಿರುವ ತರುಣನೊಬ್ಬನು ಎದುರಿನಿಂದ ಕೈಯೆತ್ತಿ ಹುರಿದುಂಬಿಸುತ್ತಾನೆ. ಆ ಸ್ನೇಹವು ಹಿತವಾಗಿಯೂ, ಅದರೊಳಗಿನ ಕನಿಕರವು ಮುಳ್ಳಾಗಿಯೂ ತಾಗುತ್ತದೆ.

ಇಪ್ಪತ್ತು ಕಿಲೋಮೀಟರು ತುಳಿದು ಇಳಿದು ಮತ್ತೆ ಓಡತೊಡಗಿದಾಗ ಕಾಲುಗಳು ತನ್ನವಲ್ಲವೆಂಬಂತೆ ಮರದ ಕೊರಡುಗಳಾಗುತ್ತವೆ. ಸೈಕಲ್ಲಿನ ಮೇಲೆ ದೇಹದ ಭಾರವನ್ನು ಆಸನವು ಹೊರುತ್ತದೆ, ಕಾಲುಗಳು ಗುಂಡಗೆ ತಿರುಗುತ್ತವೆ. ಓಟದಲ್ಲಿಯಾದರೋ ಒಂದೊಂದು ಹೆಜ್ಜೆಗೂ ದೇಹದ ಭಾರದ ಎರಡು ಮೂರು ಪಟ್ಟು ಪೆಟ್ಟು ಕಾಲಿಗೆ ಬೀಳುತ್ತದೆ. ಒಂದು ಚಲನೆಗೆ ಒಗ್ಗಿದ ಸ್ನಾಯುಗಳು ಮತ್ತೊಂದಕ್ಕೆ ಒಗ್ಗಿಕೊಳ್ಳಲು ತುಸು ಹೊತ್ತು ಬೇಕು. ಬಿಸಿಲು ಏರಿದೆ. ನುರಿತವರು ಒಂದು ಗಂಟೆಯೊಳಗೆ ಮುಗಿಸುವ ದೂರಕ್ಕೆ ಇವನಿಗೆ ಎರಡು ಗಂಟೆಗಳು ಹಿಡಿಯಲಿವೆ. ದೂರದಲ್ಲಿ ಬಹುಮಾನವನ್ನು ಹಂಚುವ ಧ್ವನಿವರ್ಧಕದ ಸದ್ದು ಕೇಳಿಬರುತ್ತಿದೆ.

ಈಗಲೇ ಎರಡನೆಯ ಪರೀಕ್ಷೆಯು ಎದುರಾಗುತ್ತದೆ. ಒಂದೂಕಾಲು ಕಿಲೋಮೀಟರು ಹೋಗಿ, ರಸ್ತೆಯ ನಡುವೆ ಇಟ್ಟ ಕಿತ್ತಳೆ ಬಣ್ಣದ ಗುರುತನ್ನು ಸುತ್ತಿ, ಬಂದ ದಾರಿಯಲ್ಲಿಯೇ ಮರಳತಕ್ಕದ್ದು. ಗುರುತು ಇನ್ನೂ ಇನ್ನೂರು ಹೆಜ್ಜೆಗಳ ಆಚೆಗಿದೆ. ಅಲ್ಲಿ ಕಾವಲಿಗೆ ನಿಂತಿದ್ದ ಹುಡುಗನು, ಎಲ್ಲರೂ ಮುಗಿದರೆಂದು ಎಣಿಸಿ, ಹೊರಟುಹೋಗಿದ್ದಾನೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಇಲ್ಲಿಂದಲೇ ತಿರುಗಿದರೆ ನಾನೂರು ಹೆಜ್ಜೆಗಳು ಉಳಿಯುತ್ತವೆ. ಅದರಿಂದ ಯಾರಿಗೂ ನಷ್ಟವಿಲ್ಲ. ಯಾರ ಬಹುಮಾನವನ್ನೂ ಕಸಿದಂತಾಗುವುದಿಲ್ಲ. ಕಡೆಯವನು ಹೇಗೂ ಕಡೆಯವನೇ. ಮುಗಿಸಿದವರಿಗೆಲ್ಲ ಕೊಡುವ ಪದಕವು ಇವನ ಕೊರಳಿಗೂ ಬೀಳುತ್ತದೆ. ‘ಇದರಲ್ಲಿ ತಪ್ಪೇನು?’ ಎಂದು ದಣಿದ ದೇಹವು ಮನಸ್ಸನ್ನು ಕೇಳುತ್ತದೆ.

ತಪ್ಪೇನೆಂಬುದೇ ಇಲ್ಲಿ ವಿಚಾರಿಸತಕ್ಕ ಅಂಶ. ಕಳ್ಳತನವೆಂದರೆ ಪರರ ವಸ್ತುವನ್ನು ಅಪಹರಿಸುವುದೆಂದಷ್ಟೇ ತಿಳಿದವರಿಗೆ ಇದರಲ್ಲಿ ತಪ್ಪು ಕಾಣದು. ಶರಣರ ದೃಷ್ಟಿಯು ಇದಕ್ಕಿಂತ ಸೂಕ್ಷ್ಮವಾದುದು. ಆಯ್ದಕ್ಕಿ ಮಾರಯ್ಯನವರ ಮತ್ತು ಲಕ್ಕಮ್ಮನವರ ಕಥೆಯು ಸರ್ವವಿದಿತವಾಗಿದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುವುದು ಆ ದಂಪತಿಗಳ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅದನ್ನು ಅವರು ಕದ್ದಿರಲಿಲ್ಲ, ನೆಲದ ಮೇಲೆ ಬಿದ್ದುದನ್ನೇ ಆಯ್ದಿದ್ದರು, ತಂದುದೂ ದಾಸೋಹಕ್ಕಾಗಿಯೇ. ಆದರೂ ಲಕ್ಕಮ್ಮನವರು ಒಪ್ಪಲಿಲ್ಲ. ದಿನದ ಅಗತ್ಯಕ್ಕೆ ಮಿಗಿಲಾದುದು ಆಸೆಯ ಗುರುತೆಂದು ಬಗೆದು, ಹೆಚ್ಚಿನದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಹಿಡಿಯಷ್ಟು ಅಕ್ಕಿಯಿಂದ ಮಹಾಮನೆಗೆ ನಷ್ಟವಾಗುತ್ತಿತ್ತೇ? ಇಲ್ಲ. ನಷ್ಟವಾಗುತ್ತಿದ್ದುದು ಆಯ್ದವರ ಅಂತರಂಗಕ್ಕೆ.

ಓಡದೆ ಉಳಿಸಿಕೊಂಡ ಆ ನಾನೂರು ಹೆಜ್ಜೆಗಳೂ ಹೀಗೆಯೇ ಮಿಗಿಲಾದ ಅಕ್ಕಿ. ಓಡದ ದೂರವನ್ನು ಓಡಿದೆನೆಂದು ಕೊರಳಿಗೆ ಹಾಕಿಕೊಂಡ ಪದಕವು ದುಡಿಯದೆ ಉಂಡ ಅನ್ನಕ್ಕೆ ಸಮಾನ. ಮೊದಲಿಗನು ದಾರಿಯನ್ನು ಕಡಿದರೆ ಎರಡನೆಯವನು ಕೂಗುತ್ತಾನೆ, ಪಂಚರು ಹಿಡಿಯುತ್ತಾರೆ. ಅವನ ಪ್ರಾಮಾಣಿಕತೆಗೆ ಸುತ್ತಲೂ ಕಾವಲುಂಟು. ಕಡೆಯವನಿಗೆ ಅಂತಹ ಕಾವಲಿಲ್ಲ. ಅವನನ್ನು ಕಾಯುವುದು ಅವನ ಅರಿವು ಒಂದೇ. ಆದುದರಿಂದ ಸತ್ಯದ ಪರೀಕ್ಷೆಯು ಗೆದ್ದವನಿಗಿಂತ ಕಡೆಯವನಲ್ಲಿಯೇ ಹೆಚ್ಚು ಶುದ್ಧವಾಗಿ ನಡೆಯುತ್ತದೆಯೆಂದರೆ ಅತಿಶಯೋಕ್ತಿಯಾಗದು. ಯಾರೂ ನೋಡದ ರಸ್ತೆಯಲ್ಲಿ, ಯಾವ ಲಾಭವೂ ಇಲ್ಲದೆ, ಆ ಗುರುತಿನವರೆಗೂ ಹೋಗಿ, ಅದನ್ನು ಸುತ್ತಿ, ಮರಳಿದವನು ಪಡೆದುದು ಏನು? ಲೋಕದ ಪಟ್ಟಿಯಲ್ಲಿ ಅದು ಶೂನ್ಯ. ಆದರೆ ಎದೆಯ ಮೇಲಿನ ಇಷ್ಟಲಿಂಗವು ಪೂಜೆಯ ಹೊತ್ತಿಗೆ ಮಾತ್ರವಲ್ಲದೆ ಆ ನಿರ್ಜನವಾದ ದಾರಿಯಲ್ಲಿಯೂ ಸಾಕ್ಷಿಯೆಂಬುದನ್ನು ಅವನು ಕಾಲಿನಿಂದ ನಡೆದು ಕಲಿತನು. ಕಿವಿಯಿಂದ ಕೇಳಿದ ನೂರು ಉಪದೇಶಗಳಿಗೆ ಈ ಕಲಿಕೆಯು ಕಡಿಮೆಯಲ್ಲ.

ಇಷ್ಟರಿಂದಲೇ ಈ ಹವ್ಯಾಸವು ಕಾಯಕವಾಯಿತೆಂದು ಹೇಳಬಹುದೇ? ಅವಸರಪಡಬಾರದು. ಕಾಯಕಕ್ಕೆ ಎರಡು ಲಕ್ಷಣಗಳುಂಟು: ಅದು ಸತ್ಯಶುದ್ಧವಾಗಿರಬೇಕು, ಮತ್ತು ಅದರ ಫಲವು ತನ್ನಲ್ಲಿಯೇ ನಿಲ್ಲದೆ ದಾಸೋಹವಾಗಿ ಹರಿಯಬೇಕು. ಗೋಪಾಳದ ಗೃಹಸ್ಥನ ಓಟವು ಮೊದಲನೆಯದನ್ನು ಪಡೆದಿರಬಹುದು. ಎರಡನೆಯದನ್ನು ಅದು ತಾನಾಗಿ ಪಡೆಯುವುದಿಲ್ಲ. ಅವನು ಪ್ರತಿ ಭಾನುವಾರದ ಬೆಳಗನ್ನು ರಸ್ತೆಯಲ್ಲಿ ಕಳೆಯುವಾಗ ತಾಯಿಗೆ ಔಷಧವನ್ನು ಕೊಟ್ಟವರು ಯಾರು? ನೀರು ಹಿಡಿದವರು, ಮಕ್ಕಳನ್ನು ಎಬ್ಬಿಸಿದವರು ಯಾರು? ಬೆಲೆಬಾಳುವ ಹೊಸ ಸೈಕಲ್ಲಿಗೆ ಸುರಿದ ಹಣವು ಯಾವ ಬಾಬಿನಿಂದ ಬಂದಿತು? ಈ ಪ್ರಶ್ನೆಗಳನ್ನು ಕೇಳದ ಹವ್ಯಾಸವು ವ್ಯಸನವಾಗಲು ತಡವಾಗದು. ಮಾರಯ್ಯನವರ ಕಥೆಯಲ್ಲಿ ಮತ್ತೊಂದು ಪ್ರಸಂಗವೂ ಉಂಟು. ಶರಣರ ಅನುಭಾವಗೋಷ್ಠಿಯಲ್ಲಿ ತಲ್ಲೀನರಾಗಿ ಕುಳಿತ ಅವರಿಗೆ ಕಾಯಕದ ಹೊತ್ತು ಮೀರಿದುದು ತಿಳಿಯಲಿಲ್ಲ. ಆಗಲೂ ಅವರನ್ನು ಎಚ್ಚರಿಸಿದವರು ಲಕ್ಕಮ್ಮನವರೇ. ಅನುಭಾವದ ಗೋಷ್ಠಿಯೇ ನಿತ್ಯದ ಹೊಣೆಗೆ ನೆಪವಾಗಲಾರದಾದರೆ ಓಟದ ಅಭ್ಯಾಸವು ನೆಪವಾದೀತೇ? ಆದುದರಿಂದ ಈ ಗೃಹಸ್ಥನು ಹೆಂಡತಿಯ ಒಪ್ಪಿಗೆಯನ್ನು ಬಾಯಿಮಾತಿಗೆ ಪಡೆದರೆ ಸಾಲದು. ಆಕೆಗೂ ತನ್ನದೆಂಬ ಒಂದು ಹೊತ್ತು ದೊರೆಯುವಂತೆ ಮನೆಯ ಕೆಲಸದಲ್ಲಿ ಹೆಗಲು ಕೊಡತಕ್ಕದ್ದು. ಅಭ್ಯಾಸದಿಂದ ಬಂದ ಬಲವು ಮೊದಲು ಮನೆಗೆ ಸಲ್ಲಬೇಕು.

ಇನ್ನೊಂದು ಅಪಾಯವು ದೇಹಾಭಿಮಾನದ್ದು. ಶರಣರು ದೇಹವನ್ನು ಹೊಲೆಯೆಂದು ಹಳಿದು ದಂಡಿಸಿದವರಲ್ಲ. ಅದನ್ನು ಶಿವನು ನೆಲಸುವ ಎಡೆಯೆಂದು ಕಂಡವರು. ದೇಹವನ್ನು ಆರೋಗ್ಯದಿಂದ ಇಟ್ಟುಕೊಳ್ಳುವುದು ಆ ದೃಷ್ಟಿಯಿಂದ ಧರ್ಮವೇ ಸರಿ. ಆದರೆ ಗಟ್ಟಿಯಾದ ದೇಹವೇ ಸಿದ್ಧಿಯೆಂದು ಹಿಗ್ಗಿದವರನ್ನು ಅವರು ಎಚ್ಚರಿಸಿದರು. ಇದೇ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯೊಡನೆ ಹೆಸರು ಬೆಸೆದುಕೊಂಡ ಅಲ್ಲಮಪ್ರಭುದೇವರು ಗೋರಕ್ಷನನ್ನು ಕಂಡ ಪ್ರಸಂಗವು ಇದಕ್ಕೆ ನಿದರ್ಶನ. ಯೋಗದಿಂದ ವಜ್ರಕಾಯವನ್ನು ಸಾಧಿಸಿದೆನೆಂದು ಹೆಮ್ಮೆಪಟ್ಟ ಗೋರಕ್ಷನ ಮೈಗೆ ಕತ್ತಿಯು ತಾಗಿದಾಗ ಖಣಿಲೆಂದು ಸದ್ದಾಯಿತಂತೆ. ಪ್ರಭುದೇವರ ಮೈಗೆ ಬೀಸಿದಾಗ ಅದು ಬಯಲಲ್ಲಿ ಆಡಿದಂತೆ ಹಾದುಹೋಯಿತಂತೆ. ಸದ್ದು ಮಾಡುವ ಗಟ್ಟಿತನಕ್ಕಿಂತ ‘ನಾನು’ ಎಂಬುದು ಕರಗಿದ ಬಯಲೇ ಹಿರಿದೆಂಬುದು ಇದರ ಭಾವ. ಮುಂದೆ ಓಡುವವನಿಗೆ ‘ನಾನು ಗೆದ್ದೆ’ ಎಂಬ ಸದ್ದು. ಹಿಂದೆ ಓಡುವವನಿಗೆ ‘ನಾನು ಸೋತೆ’ ಎಂಬ ಕೊರಗು. ಎರಡೂ ಒಂದೇ ‘ನಾನು’ವಿನ ಎರಡು ಮುಖಗಳು. ಇವುಗಳಿಗಿಂತಲೂ ನವಿರಾದ ಮೂರನೆಯ ಮುಖವೊಂದುಂಟು: ‘ಗೆಲುವನ್ನು ಬಯಸದೆ ಓಡುವ ನಾನು ಗೆದ್ದವರಿಗಿಂತ ದೊಡ್ಡವನು’ ಎಂಬ ವಿನಯದ ಅಹಂಕಾರ. ಕಡೆಯವನು ಎಲ್ಲಕ್ಕಿಂತ ಹೆಚ್ಚಾಗಿ ಇದಕ್ಕೆ ಅಂಜಬೇಕು. ಗೆದ್ದ ತರುಣನೂ ಕತ್ತಲಲ್ಲಿ ಎದ್ದವನೇ, ಬೆವರು ಸುರಿಸಿದವನೇ. ಅವನ ಗೆಲುವನ್ನು ತುಚ್ಛೀಕರಿಸುವ ಹಕ್ಕು ಯಾರಿಗೂ ಇಲ್ಲ.

ಕಡೆಯವನ ಓಟವು ಪರರಿಗೂ ಬೆಳಕಾಗಬಲ್ಲುದೆಂಬುದಕ್ಕೆ ಲೋಕದಲ್ಲಿ ದೃಷ್ಟಾಂತವುಂಟು. 1968ರಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದ ಒಲಿಂಪಿಕ್ ಕೂಟದ ಮ್ಯಾರಥಾನ್ ಓಟವನ್ನು ಇಥಿಯೋಪಿಯದ ಮಾಮೊ ವೋಲ್ಡೆಯವರು ಗೆದ್ದರು. ಅವರು ಗುರಿಯನ್ನು ಮುಟ್ಟಿ ಒಂದು ಗಂಟೆಗೂ ಮಿಗಿಲು ಕಳೆದ ಮೇಲೆ, ಬಿದ್ದು ಗಾಯಗೊಂಡ ಕಾಲಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಂಡು, ಕುಂಟುತ್ತ, ಟಾಂಜಾನಿಯದ ಜಾನ್ ಸ್ಟೀಫನ್ ಅಖ್ವಾರಿಯವರು ಕ್ರೀಡಾಂಗಣವನ್ನು ಹೊಕ್ಕರು. ಓಟವನ್ನು ಮುಗಿಸಿದ 57 ಮಂದಿಯಲ್ಲಿ ಅವರೇ ಕಡೆಯವರು. ನಡುವೆ ನಿಲ್ಲಿಸಿದವರು ಅನೇಕರಿದ್ದರು; ಗಾಯಗೊಂಡವನು ನಿಲ್ಲಿಸಿದ್ದರೆ ತಪ್ಪೆನ್ನುವವರೂ ಇರಲಿಲ್ಲ. ಆದರೂ ಕೈಕೊಂಡುದನ್ನು ಮುಗಿಸಬೇಕೆಂಬ ನಿಷ್ಠೆಯು ಅವರನ್ನು ನಡೆಸಿತು. ಅರ್ಧ ಶತಮಾನವು ಕಳೆದರೂ ಅವರನ್ನು ಜನರು ಮರೆತಿಲ್ಲ. ಇದನ್ನು ಕೇಳಿ, ನೋವಿದ್ದರೂ ದೇಹವನ್ನು ಹಾಳುಮಾಡಿಕೊಂಡು ಓಡಬೇಕೆಂದು ಯಾರೂ ತಿಳಿಯಬಾರದು. ಎದೆನೋವು, ತಲೆಸುತ್ತು ಬಂದಾಗ ನಿಲ್ಲಿಸುವುದೇ ವಿವೇಕ. ಮನೆಯವರಿಗೆ ಬೇಕಾದವನು ಪದಕಕ್ಕಾಗಿ ಪ್ರಾಣವನ್ನು ಒತ್ತೆಯಿಡುವುದು ನಿಷ್ಠೆಯಲ್ಲ. ದಣಿವಿಗೆ ಸೋಲದಿರುವುದು ಬೇರೆ, ದೇಹದ ಎಚ್ಚರಿಕೆಗೆ ಕಿವುಡಾಗುವುದು ಬೇರೆ.

ಕಡೆಯವನ ಓಟದಲ್ಲಿ ಮತ್ತೊಬ್ಬರ ಪಾಲೂ ಉಂಟು. ಅವನು ಬರುವವರೆಗೆ ನೀರಿನ ಲೋಟವನ್ನು ಹಿಡಿದು ಬಿಸಿಲಲ್ಲಿ ನಿಂತ ಸ್ವಯಂಸೇವಕರು, ಗುರಿಯ ಗೆರೆಯನ್ನು ಇನ್ನೂ ಅಳಿಸದೆ ಕಾದವರು, ತಮ್ಮ ಓಟವನ್ನು ಮುಗಿಸಿಯೂ ಮನೆಗೆ ಹೋಗದೆ ಚಪ್ಪಾಳೆ ತಟ್ಟಲು ನಿಂತ ಸಹಸ್ಪರ್ಧಿಗಳು. ಇವರ ಕಾಯುವಿಕೆಯೂ ಒಂದು ದಾಸೋಹವೇ. ಗೃಹಸ್ಥನು ಇದನ್ನು ಕಂಡು, ಮುಂದಿನ ಸಲ ಓಡದಿದ್ದ ದಿನ ತಾನೂ ಹೋಗಿ ಆ ತಿರುವಿನ ಗುರುತಿನ ಬಳಿ ನಿಂತು, ಕಟ್ಟಕಡೆಯವನು ಹಾದುಹೋಗುವವರೆಗೂ ಕದಲದೆ ಇದ್ದನೆಂದರೆ, ಆಗ ಅವನ ಹವ್ಯಾಸವು ಕಾಯಕದ ಹೊಸ್ತಿಲನ್ನು ಮುಟ್ಟಿತೆನ್ನಬಹುದು. ಪಡೆದುದು ಹಾಗೆ ಹರಿದಾಗಲೇ ಅದಕ್ಕೆ ಸಾರ್ಥಕ್ಯ.

ಸಂಜೆ ಗೋಪಾಳಕ್ಕೆ ಮರಳಿದಾಗ, ಜಗಲಿಯ ಮೇಲೆ ಕುಳಿತ ನೆರೆಮನೆಯ ಹಿರಿಯರು ಕೇಳುತ್ತಾರೆ: ‘ಏನಪ್ಪಾ, ಎಷ್ಟನೆಯವನಾಗಿ ಬಂದೆ?’

‘ಕಡೆಯವನಾಗಿ ಬಂದೆ, ಅಜ್ಜಾ.’

‘ಹಾಗಾದರೆ ಹೋಗಿ ಮಾಡಿದ್ದೇನು?’

‘ಹೇಳಿದಷ್ಟು ದೂರವನ್ನೂ ಓಡಿದೆ, ಅಜ್ಜಾ. ಒಂದು ಹೆಜ್ಜೆಯನ್ನೂ ಉಳಿಸಿಕೊಳ್ಳಲಿಲ್ಲ.’

ಹಿರಿಯರು ಇದನ್ನು ಕೇಳಿ ನಕ್ಕಾರು. ಅಥವಾ ತಮ್ಮ ಆಯುಷ್ಯದ ದುಡಿಮೆಯನ್ನು ನೆನೆದು ಸುಮ್ಮನಾದಾರು. ಏಕೆಂದರೆ ಸಂಸಾರಿಗಳಲ್ಲಿ ಹೆಚ್ಚಿನವರು ಯಾವ ಓಟದಲ್ಲಿಯೂ ಮೊದಲಿಗರಾದವರಲ್ಲ. ಉದ್ಯೋಗದಲ್ಲಿ, ಐಶ್ವರ್ಯದಲ್ಲಿ, ವಿದ್ಯೆಯಲ್ಲಿ, ಕಡೆಗೆ ಪೂಜೆ ಧ್ಯಾನಗಳಲ್ಲಿಯೂ ತಮಗಿಂತ ಮುಂದೆ ಹೋದವರ ಬೆನ್ನನ್ನು ನೋಡುತ್ತ ನಡೆದವರೇ. ಯಾರೂ ನೋಡದ ತಿರುವುಗಳು ಅವರ ಬಾಳಿನಲ್ಲಿಯೂ ದಿನಕ್ಕೆ ಹತ್ತು ಬರುತ್ತವೆ: ತಕ್ಕಡಿಯ ಮುಂದೆ, ಲೆಕ್ಕದ ಪುಸ್ತಕದ ಮುಂದೆ, ಕೂಲಿಯನ್ನು ಎಣಿಸಿ ಕೊಡುವಾಗ, ರೋಗಿಯಾದ ತಾಯಿಯ ಹಾಸಿಗೆಯ ಬಳಿ. ಅಲ್ಲೆಲ್ಲ ಇನ್ನೂರು ಹೆಜ್ಜೆ ಮೊದಲೇ ತಿರುಗಿಬಿಡುವ ಅವಕಾಶವುಂಟು, ಕೇಳುವವರಿಲ್ಲ. ಅಲ್ಲಿ ಗುರುತಿನವರೆಗೂ ನಡೆದವನೇ ನಿಜವಾಗಿ ಓಟವನ್ನು ಮುಗಿಸಿದವನು.

ಶಿವಮೊಗ್ಗೆಯನ್ನು ಹಾದು ಬರುವ ತುಂಗೆಯೂ ಭದ್ರಾವತಿಯನ್ನು ಹಾದು ಬರುವ ಭದ್ರೆಯೂ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿ ಮೊದಲು ಬಂದ ನೀರಾವುದು, ಕಡೆಗೆ ಬಂದ ನೀರಾವುದು ಎಂದು ಯಾರೂ ಕೇಳುವುದಿಲ್ಲ. ದಾರಿಯನ್ನು ಕಡಿಯದೆ, ತನ್ನ ಪಾತ್ರವನ್ನು ಬಿಡದೆ ಹರಿದು ಬಂದುದೆಲ್ಲವೂ ಅಲ್ಲಿಗೆ ಸೇರುತ್ತದೆ. ಗೃಹಸ್ಥರು ತಮ್ಮ ತಮ್ಮ ವೇಗವನ್ನು ಕುರಿತು ಕೊರಗದೆ, ಮುಂದಿನವರನ್ನು ಕರುಬದೆ, ಹಿಂದಿನವರನ್ನು ಕಾಯುತ್ತ, ಪಾಲಿಗೆ ಬಂದ ದೂರವನ್ನು ಪೂರ್ಣವಾಗಿ ನಡೆಯಲೆಳಸುವುದು ಶ್ರೇಯಸ್ಕರ.